ಮೇಷ್ಟ್ರ ಸಿನಿಮಾಕ್ಕೆ ಹೊಲಿದ ಅಂಗಿ

ನಮ್ಮಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಂಡ ಮನೆ ಬಿಟ್ಟು ಹೋದ ದಿನವೂ ಮಧ್ಯಾಹ್ನದ ಹೊತ್ತಿಗೆ ಮಿಷನ್ ತುಳಿಯುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿಲ್ಲ, ಬೈದದ್ದನ್ನು ಬೇಕಾದಷ್ಟು ಕೇಳಿದ್ದೇನೆ.

ಅತ್ತಿದ್ದು ಮಗಳು. ಆಮೇಲೆ ಅದನ್ನೂ ಬಿಟ್ಟು ಮಾತೇ ನಿಲ್ಲಿಸಿದಳು. ಶಾಲೆಯಲ್ಲಿ ಹಿಂದಿನ ಬೆಂಚು, ಮನೆಯಲ್ಲಿ ಗೋಡೆ ಕಡೆ ಮುಖ. ಅಂಥವಳನ್ನು ಹೊಸ ಮೇಷ್ಟ್ರು ಮಾತಾಡಿಸಿದರು. ತರಗತಿ ಮುಗಿದ ಮೇಲೂ ಕೂರಿಸಿಕೊಂಡು ಮನೆಯ ಕಥೆಯನ್ನೆಲ್ಲ ಕೇಳಿದರು. ಹುಡುಗಿ ಎರಡು ತುತ್ತು ಹೆಚ್ಚು ಉಣ್ಣತೊಡಗಿದ್ದೇ ತಡ, ಅಕ್ಕನ ಪಾಲಿಗೆ ಅವರು ದೇವರಂಥ ಮನುಷ್ಯರಾದರು. ಮಕ್ಕಳ ಸಿನಿಮಾ ಮಾಡುತ್ತೇನೆ, ನೀಲಿ ಚೌಕಳಿ ಅಂಗಿಯೊಂದು ಬೇಕು ಎಂದು ಹೇಳಿ ಕಳಿಸಿದಾಗ ಇದ್ದಬದ್ದ ಕೆಲಸವನ್ನೆಲ್ಲ ಬದಿಗಿಟ್ಟು ಹೊಲಿದುಕೊಟ್ಟಳು. ಅನುಮಾನವೇ ಬರಲಿಲ್ಲ.

ಶಾಲೆಯ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಭಾವ ಹೊರಟ ದಿನ ತೊಟ್ಟಿದ್ದಂಥದ್ದೇ ಅಂಗಿಯಲ್ಲಿ ಒಬ್ಬ ಅಪ್ಪ ತಟ್ಟೆ ಎಸೆದು ಹೊರಟುಹೋದ. ಬಾಗಿಲಲ್ಲಿ ನಿಂತು ಅತ್ತವಳು ನಮ್ಮ ಹುಡುಗಿಯೇ. ಅದು ನಟನೆಯಲ್ಲ. ಬಿಕ್ಕಿ ಬಿಕ್ಕಿ ಉಸಿರು ಸಿಗದೆ ಅವಳು ಕೈ ಅಡ್ಡ ಹಿಡಿದರೂ ಕ್ಯಾಮೆರಾ ಇನ್ನಷ್ಟು ಹತ್ತಿರ ಹೋಗಿತ್ತು. ಜನ ಚಪ್ಪಾಳೆ ತಟ್ಟಿದರು, ನನ್ನ ಮೈಯೆಲ್ಲ ಉರಿಯಿತು. ಮಗುವಿನ ನೋವನ್ನು ಈ ಮೇಷ್ಟ್ರು ಯಾರಪ್ಪನ ಮನೆ ಆಸ್ತಿ ಅಂದುಕೊಂಡಿದ್ದರೋ. ಮರುದಿನದಿಂದ ಹುಡುಗಿ ಶಾಲೆಗೆ ಹೋಗಲಿಲ್ಲ. ಸಿನಿಮಾ ಮಾತ್ರ ದೊಡ್ಡ ಸ್ಪರ್ಧೆಯೊಂದಕ್ಕೆ ಹೊರಟು ನಿಂತಿತ್ತು.

ಅಕ್ಕ ಮಗಳನ್ನೂ ನನ್ನನ್ನೂ ಕರೆದುಕೊಂಡು ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದಳು.

"ಅದನ್ನ ಅಳಿಸಿ ಹಾಕ್ಸಿ ಮೇಡಂ. ನನ್ ಮಗಳ ಕಣ್ಣೀರನ್ನ ಊರೆಲ್ಲ ನೋಡೋದು ಬೇಡ."

"ಒಳ್ಳೇ ಮನಸ್ಸಿಂದಾನೇ ಮಾಡಿದಾರಲ್ಲಮ್ಮ. ಶಾಲೆಗೂ ಹೆಸರು ಬರುತ್ತೆ," ಎಂದು ಅವರು ತೇಪೆ ಹಚ್ಚಿದರು.

ಹೇಳಿಕಳಿಸಿದ್ದಕ್ಕೆ ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಬಂದಿದ್ದ ಮೇಷ್ಟ್ರಿಗೆ ಒಂದಿಷ್ಟೂ ಅಳುಕಿರಲಿಲ್ಲ. "ಅವಳೇ ಒಪ್ಪಿದ್ದು. ಬೇಕಾದ್ರೆ ಕೇಳಿ."

ಹುಡುಗಿ ನೆಲ ನೋಡುತ್ತಲೇ ಹೇಳಿದಳು: "ಬೇಡ ಅಂದ್ರೆ ನೀವು ನನ್ ಜೊತೆ ಮಾತಾಡೋದು ಬಿಟ್ಬಿಡ್ತೀರಿ ಅಂತ ಒಪ್ಪಿದೆ ಸರ್. ನಂಗೆ ಬೇರೆ ಯಾರೂ ಇರ್ಲಿಲ್ಲ."

ಅಕ್ಕ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೇಷ್ಟ್ರು ಮಾತ್ರ ಕಣ್ಣರಳಿಸಿದರು. "ಈ ಮಾತು, ಈ ದನಿ... ಇದನ್ನ ಕ್ಯಾಮೆರಾ ಮುಂದೆ ಹೇಳಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಮಗೂ."

ಅಷ್ಟು ಹೊತ್ತು ಅವರ ಪರ ವಹಿಸಿದ್ದ ಮುಖ್ಯೋಪಾಧ್ಯಾಯಿನಿ ಎದ್ದು ನಿಂತು ಕೈ ಚಾಚಿದರು.

"ಕ್ಯಾಮೆರಾ ಇಲ್ಲಿ ಕೊಡಿ. ಆ ಸಿನಿಮಾ ಎಲ್ಲಿಗೂ ಹೋಗಲ್ಲ."