ಪೆಡಲು ನಿಲ್ಲದ ಫ್ರೆಂಚ್ ಸೈಕಲ್ಲು

ಆ ಸೈಕಲ್ಲು ನನ್ನ ಪಾಲಿಗೆ ಬಂದದ್ದು ಬಾದಾಮಿಯಲ್ಲಿ, ನಾನು ನರ್ಸಾಗಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಎಪ್ಪತ್ತರ ದಶಕ ಇನ್ನೂ ಅರ್ಧ ಮುಗಿದಿರಲಿಲ್ಲ. ಫ್ರಾನ್ಸಿನ ಒಬ್ಬ ಹೆಂಗಸು ಗುಡಿಯ ಕಂಬಗಳನ್ನು ಅಳೆದು ಚಿತ್ರ ಬರೆದುಕೊಳ್ಳಲು ಬಂದಿದ್ದಳು. ನಲವತ್ತು ದಾಟಿದವಳು. ಪಟ್ಟದಕಲ್ಲಿಗೂ ಐಹೊಳೆಗೂ ಸೈಕಲ್ಲಿನ ಮೇಲೆಯೇ ಓಡಾಡುತ್ತಿದ್ದಳು. ಕಾಮಾಲೆಯಾಗಿ ನಮ್ಮ ದವಾಖಾನೆಯಲ್ಲಿ ಎರಡು ವಾರದ ಮೇಲೆ ಮಲಗಿದಳು. ಅವಳ ಭಾಷೆ ನನಗೆ ಬರದು, ನನ್ನದು ಅವಳಿಗೆ ಬರದು. ಇಬ್ಬರಿಗೂ ಗೊತ್ತಿದ್ದ ಹತ್ತಿಪ್ಪತ್ತು ಇಂಗ್ಲಿಷ್ ಮಾತಿನಲ್ಲಿ ದಿನ ಸಾಗುತ್ತಿತ್ತು. ನಾನು ಮನೆಯಿಂದ ಗಂಜಿ ಮಾಡಿ ಒಯ್ಯುತ್ತಿದ್ದೆ. ಊರಿಗೆ ಹೊರಟ ದಿನ ಅವಳು ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಕಡೆ ಬೆರಳು ಮಾಡಿ, ಆಮೇಲೆ ನನ್ನ ಕಡೆ ಮಾಡಿದಳು. ನಾನು ಬೇಡವೆನ್ನುವಷ್ಟರಲ್ಲಿ ಜೀಪಿನಲ್ಲಿ ಕುಳಿತಾಗಿತ್ತು.

ಅದು ಆಗಲೇ ಹಳೆಯದು. ಅವಳ ತಾಯಿ ಹರೆಯದಲ್ಲಿ ತುಳಿದದ್ದಂತೆ. ನಮ್ಮ ಕಡೆಯ ಸೈಕಲ್ಲುಗಳಿಗಿಂತ ತೆಳ್ಳಗೆ, ಹಗುರ. ಗಂಡಸರ ಸೈಕಲ್ಲಿಗಿರುವ ಅಡ್ಡ ದಂಡದ ಬದಲು ಹ್ಯಾಂಡಲ್ಲಿನ ಬುಡದಿಂದ ಹಿಂದಿನ ಗಾಲಿಯವರೆಗೆ ಇಳಿಜಾರಾಗಿ ಬಂದ ಎರಡು ಸಣ್ಣ ನಳಿಗೆಗಳು. ಹ್ಯಾಂಡಲ್ಲು ಮಾತ್ರ ಟಗರಿನ ಕೊಂಬಿನಂತೆ ಕೆಳಗೆ ಸುತ್ತಿಕೊಂಡಿತ್ತು. ಹಿಂದಿನ ಗಾಲಿಯಲ್ಲಿ ಚಿಕ್ಕದು ದೊಡ್ಡದು ಎಂದು ಮೂರು ಹಲ್ಲಿನ ಚಕ್ರ, ಅವುಗಳ ಮೇಲೆ ಚೈನನ್ನು ಅತ್ತಿತ್ತ ಸರಿಸುವ ಗೇರು. ಬಾಗಲಕೋಟೆಯ ತರಬೇತಿ ಶಾಲೆಯ ಅಂಗಳದಲ್ಲಿ ನಾನು ಸೈಕಲ್ಲು ಕಲಿತಿದ್ದೆನಾದರೂ ಇದನ್ನು ಹತ್ತುವ ಧೈರ್ಯವಾಗಲಿಲ್ಲ. ಗೇರು ಕೆಲವೇ ತಿಂಗಳಲ್ಲಿ ಜಾಮಾಯಿತು, ಟೈರು ಸೀಳಿದವು. ಗುಡೂರಿನ ಹತ್ತಿರದ ಹಳ್ಳಿಗೆ ನನಗೆ ವರ್ಗವಾದಾಗ ಅದನ್ನೂ ಬಸ್ಸಿನ ಮೇಲೆ ಹಾಕಿಸಿದೆ. ಅಲ್ಲಿಯ ಕ್ವಾರ್ಟರ್ಸಿನ ಹಿತ್ತಲ ಛಾವಣಿಯ ಕೆಳಗೆ ಅದು ಆರು ವರ್ಷ ನಿಂತಿತು.

ಆ ಆರು ವರ್ಷ ನಾನು ನಡೆದೆ. ಮೂರು ಹಳ್ಳಿ, ಹೊಲದೊಳಗಿನ ನಾಲ್ಕೈದು ವಸ್ತಿ, ಒಂದು ಹೆಗಲಿಗೆ ಲಸಿಕೆಯ ಪೆಟ್ಟಿಗೆ, ಇನ್ನೊಂದಕ್ಕೆ ಹೆರಿಗೆಯ ಚೀಲ. ಗಂಡ ತೀರಿಕೊಂಡ ಮೇಲೆ ನೌಕರಿಗೆ ಬಂದವಳು ನಾನು. ಮನೆಯಲ್ಲಿ ಕಾಯುವವರಿರಲಿಲ್ಲ, ಹಾಗಾಗಿ ಯಾರು ಎಷ್ಟು ಹೊತ್ತಿಗೆ ಕರೆದರೂ ಹೋಗಬೇಕೆಂದು ಎಲ್ಲರೂ ತಿಳಿದುಕೊಂಡಿದ್ದರು. ಮೇಲಿನವರು ಕುಟುಂಬ ಯೋಜನೆಯ ಆಪರೇಷನ್ನಿಗೆ ಹೆಂಗಸರನ್ನು ಕರೆತಾ ಎನ್ನುತ್ತಿದ್ದರು. ಹೆಂಗಸರು ನನ್ನ ಬಿಳಿ ಸೀರೆ ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು. ಮೂವತ್ತೆರಡರ ಹೊತ್ತಿಗೆ ನನ್ನ ಹಿಮ್ಮಡಿ ಒಡೆದು, ಮುಂಜಾನೆ ಹಾಸಿಗೆಯಿಂದ ಕಾಲು ಕೆಳಗಿಡುವುದೇ ಒಂದು ಕೆಲಸವಾಗಿತ್ತು. ದುಃಖವೇನಲ್ಲ, ಬರೀ ದಣಿವು. ಒಂದು ಸೋಮವಾರ ಸೈಕಲ್ಲನ್ನು ಮತ್ತೆ ಬಸ್ಸಿನ ಮೇಲೆ ಹಾಕಿಸಿ ಇಳಕಲ್ಲಿಗೆ ಒಯ್ದೆ.

ಇಳಕಲ್ಲಿನ ನೇಕಾರರ ಓಣಿಯ ತುದಿಯಲ್ಲಿ ಒಂದು ಸೈಕಲ್ ಅಂಗಡಿ. ಅದರ ಮಾಲಕರು ಹರೆಯದಲ್ಲಿ ಸೊಲ್ಲಾಪುರದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಅರವತ್ತರ ಮುಸ್ಲಿಂ ಹಿರಿಯ. ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ; ನರ್ಸಮ್ಮನಿಗೆ ನಮ್ಮ ಕಡೆಯವರು ಅನ್ನುವಂತೆ ಅವರು ನನ್ನನ್ನು ಬಾಯಾರ ಎಂದರು. ಅವರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಒಂದೊಂದೇ ಕಡೆ ಬೆರಳಾಡಿಸಿ ನೋಡಿದರು.

"ಎಲ್ಲಿಂದ ಬಂತ್ರಿ ಬಾಯಾರ ಇದು?"

"ಫ್ರಾನ್ಸಿನಾಕಿ ಒಬ್ಬಾಕಿ ಕೊಟ್ಟು ಹೋದ್ಲು. ಭಾಳ ದಿನಾ ಆತು."

"ಮತ್ತ ಸುಮ್ನ ನಿಲ್ಲಿಸೀರಿ?"

"ನನಗ ಟೈಮ್ ಇರಲಿಲ್ರಿ."

"ಇದಕ್ಕ ಟೈಮ್ ಬೇಕಿರಲಿಲ್ಲ. ಎಣ್ಣಿ ಬೇಕಿತ್ತು," ಎಂದು ಅವರು ನಳಿಗೆಯನ್ನು ಉಗುರಿನಿಂದ ಬಡಿದು ಕಿವಿಗೊಟ್ಟರು. "ಕೇಳ್ರಿ ಬೇಕಾರ. ನಮ್ಮ ಸೈಕಲ್ಲು ಹಿಂಗ ಸಪ್ಪಳ ಮಾಡೂದಿಲ್ಲ. ಬಿಟ್ಟು ಹೋಗ್ರಿ, ನೋಡೂಣು."

ಪ್ರತಿ ಸೋಮವಾರ ಲಸಿಕೆ ತರಲು ಇಳಕಲ್ಲಿಗೆ ಹೋಗಲೇಬೇಕಿತ್ತು. ಹೋದಾಗಲೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ತಾಸು ಕೂಡುತ್ತಿದ್ದೆ. ವಾರದಲ್ಲಿ ನನ್ನಿಂದ ಯಾರೂ ಏನೂ ಕೇಳದ ಅರ್ಧ ತಾಸು ಅದೊಂದೇ. ಚಾಚಾ ಇಡೀ ಸೈಕಲ್ಲನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದರು. ತುಕ್ಕನ್ನು ಇಟ್ಟಿಗೆ ಪುಡಿಯಿಂದ ಉಜ್ಜಿದರು. ಒಳಗೆ ತಿಳಿನೀಲಿ ಬಣ್ಣ ಅಲ್ಲಲ್ಲಿ ಉಳಿದಿತ್ತು; ಅದಕ್ಕೆ ಹೊಂದುವ ಬಣ್ಣ ಸಿಗದೆ ಕಡೆಗೆ ದವಾಖಾನೆಯ ಕಿಟಕಿಗೆ ಬಳಿಯುವಂಥ ಹಸಿರು ಬಳಿದರು. ನಮ್ಮ ದೊಡ್ಡ ಸೈಕಲ್ಲಿನ ಟೈರು ಆ ಗಾಲಿಗೆ ಕೂಡಲಿಲ್ಲ. ಬಾಗಲಕೋಟೆಯಿಂದ ತರಿಸಿದ ಲೇಡೀಸ್ ಸೈಕಲ್ಲಿನ ಟೈರು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬ್ರೇಕಿಗೆ ಮೊಪೆಡ್ಡಿನ ಕ್ಲಚ್ ವಾಯರ್ ಹಾಕಿದರು, ಮುಂದಿನ ಗಾಲಿಗೆ ಮಾತ್ರ. ಟಗರಿನ ಕೊಂಬನ್ನು ಮೇಲೆ ತಿರುಗಿಸಿದರು. ಪಕ್ಕದ ಮನೆಯ ನೇಕಾರ ಹೆಂಗಸು ಮಗ್ಗದ ಹಳೆಯ ಹುರಿಯನ್ನು ಅದಕ್ಕೆ ಬಿಗಿಯಾಗಿ ಸುತ್ತಿಕೊಟ್ಟಳು. ಸೀರೆ ಸಿಗಬಾರದೆಂದು ಶೇಂಗಾ ಎಣ್ಣೆಯ ಡಬ್ಬಿ ಕತ್ತರಿಸಿ ಚೈನಿಗೆ ಮುಚ್ಚಳ ಮಾಡಿದರು.

ಹಿಂದಿನ ಗಾಲಿ ಮಾತ್ರ ಮುಗಿಯಲೊಲ್ಲದು. ಮುಂದಿನ ವಾರ ಬರ್ರಿ ಎಂದರು, ಅದರ ಮುಂದಿನ ವಾರವೂ ಹಾಗೇ ಎಂದರು. ದೀಪಾವಳಿ ಕಳೆದ ಮೇಲೆ ಹೋದಾಗ ಸೈಕಲ್ಲು ಬಾಗಿಲಲ್ಲೇ ನಿಂತಿತ್ತು. ಗೇರು ಇರಲಿಲ್ಲ. ಮೂರು ಚಕ್ರದ ಜಾಗದಲ್ಲಿ ಒಂದೇ ಒಂದು, ಅದನ್ನೂ ಹಿತ್ತಾಳೆಯ ಬೆಸುಗೆ ಹಾಕಿ ಗಾಲಿಗೆ ಕೂಡಿಸಿಬಿಟ್ಟಿದ್ದರು.

"ಇದು ಫಿಕ್ಸ್ ರಿ," ಎಂದರು. "ಗಾಲಿ ತಿರಗೂತನಕ ಪೆಡಲೂ ತಿರಗ್ತದ. ಸುಮ್ನ ಕಾಲ ಇಟ್ಟು ಕುಂದರಾಕ ಬರೂದಿಲ್ಲ. ಚಳಿ ದೇಶದಾಗ ಥಂಡಿಗಾಲಕ್ಕ ಹಿಂಗ ಮಾಡ್ತಾರಂತ. ಕಾಲು ಬೆಚ್ಚಗಿರ್ತಾವ, ಮುರಿಯೂ ಸಾಮಾನೂ ಕಡಿಮಿ."

ಹೇಳುವಾಗ ಅವರು ನಟ್ಟು ತಿರುವುವ ಪಾನಾ ಒರೆಸುತ್ತಿದ್ದರು, ನನ್ನ ಮುಖ ನೋಡಲಿಲ್ಲ. ನಾನು ನಂಬಿದೆ. ನಂಬದಿರಲು ಬೇಕಾದಷ್ಟು ಶಕ್ತಿ ನನ್ನಲ್ಲಿರಲಿಲ್ಲ.

ಮೊದಲ ದಿನ ಅಭ್ಯಾಸಬಲದಿಂದ ಕಾಲು ನಿಲ್ಲಿಸಿದೆ. ಪೆಡಲು ಮೀನಖಂಡಕ್ಕೆ ಎಂಥ ಏಟು ಕೊಟ್ಟಿತೆಂದರೆ ಎಂಟು ದಿನ ಕುಂಟಿದೆ. ಆಮೇಲೆ ಕಲಿತೆ. ನಿಲ್ಲಬೇಕಾದರೆ ಬಹಳ ಮೊದಲೇ ಕಾಲಿನಿಂದ ತಡೆಯುತ್ತ ಬರಬೇಕು. ಕಚ್ಚೆ ಹಾಕಿ ಸೀರೆ ಉಟ್ಟು, ತಮ್ಮನ ಹಳೆಯ ಸ್ವೆಟರ್ ತೊಟ್ಟು ಹೊರಡುತ್ತಿದ್ದೆ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯೇ ತಿರುಗುತ್ತಿರಲಿಲ್ಲ. ಬೇಸಿಗೆಯಲ್ಲಿ ಬಿಸಿಲು, ಮುಳ್ಳು. ಹಾಗಾಗಿ ದೀಪಾವಳಿಯಿಂದ ಹೋಳಿಯವರೆಗೆ ಮಾತ್ರ ಸೈಕಲ್ಲು, ಉಳಿದ ದಿನ ಕಾಲು. ಎರಡೂ ಕಡೆ ಆಳೆತ್ತರದ ಬಿಳಿಜೋಳ, ಎಲೆಯ ಮೇಲಿನ ನೀರು ಮೊಣಕೈಗೆ ತಾಗುತ್ತಿತ್ತು. ಹೊಲದಲ್ಲಿ ಜೋಳದ ಎಳೆತೆನೆ ಸುಟ್ಟು ಸೀತನಿ ಮಾಡುವವರು ಕೂಗಿ ಕರೆಯುತ್ತಿದ್ದರು. ನಿಲ್ಲಿಸುವುದು ತ್ರಾಸಾದ್ದರಿಂದ ಕೈ ಬೀಸಿ ಮುಂದೆ ಹೋಗುತ್ತಿದ್ದೆ. ಬಾಯಾರಿಗೆ ಸೊಕ್ಕು ಬಂದೈತಿ ಎಂದು ಊರಲ್ಲಿ ಮಾತಾಯಿತು.

ಒಂದು ಸಂಗತಿ ನನಗೆ ಆಶ್ಚರ್ಯ ತಂದಿತು. ಸಂಜೆ ಮರಳುವಾಗ ಕಾಲು ಪೂರಾ ಸೋತಿದ್ದರೆ, ಉರುಳುವ ಗಾಲಿಯೇ ಪೆಡಲನ್ನು ಎತ್ತಿ, ಪೆಡಲು ನನ್ನ ಕಾಲನ್ನು ಎತ್ತುತ್ತಿತ್ತು. ನಾನು ತುಳಿಯುತ್ತಿದ್ದೇನೋ ಅದು ನನ್ನನ್ನು ತುಳಿಸುತ್ತಿದೆಯೋ ತಿಳಿಯುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ನನ್ನ ಭಾರವನ್ನು ಒಂದಿಷ್ಟು ಹೊತ್ತದ್ದು ಅದೊಂದೇ.

ಎರಡನೆಯ ಚಳಿಗಾಲ, ಸಂಕ್ರಾಂತಿಯ ಆಸುಪಾಸು. ಬೆಳಕು ಹರಿಯುವ ಹೊತ್ತಿಗೆ ದೂರದ ವಸ್ತಿಯಿಂದ ಒಬ್ಬ ರೈತ ಓಡಿಬಂದ. ಹೆಂಡತಿಗೆ ಹಿಂದಿನ ದಿನದಿಂದ ಹೆರಿಗೆಯ ಬ್ಯಾನೆ. ಅವನು ಹೊಲ ಅಡ್ಡಹಾಯ್ದು ಮರಳಿದ, ನಾನು ದಾರಿ ಹಿಡಿದು ಸೈಕಲ್ಲಿನ ಮೇಲೆ ಹೊರಟೆ. ವಸ್ತಿಗೆ ಒಂದು ಮೈಲಿ ಇರುವಾಗ ಹಳ್ಳಕ್ಕೆ ಇಳಿಯುವ ಇಳಿಜಾರು ಇದೆ. ಅಲ್ಲಿ ಬ್ರೇಕು ಹಿಡಿದೆ. ವಾಯರ್ ಪಟ್ಟನೆ ಹರಿಯಿತು. ಪೆಡಲು ನನ್ನ ಕಾಲಿಗೆ ಸಿಗದ ವೇಗದಲ್ಲಿ ತಿರುಗತೊಡಗಿತು. ಎರಡೂ ಕಾಲು ಅಗಲಿಸಿ ಎತ್ತಿಹಿಡಿದು, ಹಳ್ಳದ ಕಲ್ಲಿಗೆ ಹೋಗುವುದಕ್ಕಿಂತ ಜಾಲಿಕಂಟಿ ವಾಸಿ ಎಂದು ಹ್ಯಾಂಡಲ್ಲು ಹೊರಳಿಸಿದೆ.

ಎದ್ದಾಗ ಎಡಗೈ ಮಣಿಕಟ್ಟು ಬೇರೆ ಯಾರದೋ ಎಂಬಂತೆ ಜೋತಾಡುತ್ತಿತ್ತು. ಚೀಲದಲ್ಲಿ ಔಷಧದ ಬಾಟಲಿ ಒಡೆದಿತ್ತು. ಕತ್ತರಿ, ದಾರ ಉಳಿದಿದ್ದವು. ಸೆರಗಿನಿಂದ ಕೈಯನ್ನು ಎದೆಗೆ ಕಟ್ಟಿಕೊಂಡು ನಡೆದೆ. ಅಳು ಬರಲಿಲ್ಲ. ಇನ್ನೊಂದು ಮೈಲಿ ಎಂದಷ್ಟೇ ಅನ್ನಿಸಿತು.

ರೈತನ ಮನೆಯೊಳಗೆ ಸೂಲಗಿತ್ತಿ ಮುದುಕಿ ಕೂತಿದ್ದಳು. ಅವಳಿಗೂ ನನಗೂ ಹಳೆಯ ವೈರ. ಹೆರಿಗೆಗೆ ಅವಳನ್ನು ಕರೆಯಬೇಡಿ ಎಂದು ನಾನು ಮನೆಮನೆಗೆ ಹೇಳಿದ್ದೆ. ನೋಡಿದರೆ ಮಗುವಿನ ತಲೆ ಕಾಣುತ್ತಿತ್ತು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ.

"ನನ್ನ ಕೈ ಮುರದೈತಿ," ಎಂದೆ. "ನೀ ಮಾಡು, ನಾ ಹೇಳ್ತೇನಿ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಕೈ ಹೊಲಸು ಅಂತ ಊರ ತುಂಬ ಹೇಳಿದಿ. ಈಗ ಬೇಕಾತೇನು?"

"ಬೇಕಾತು. ಮೊದಲ ಸಾಬೂನು ಹಚ್ಚಿ ತೊಳಕೋ."

ಅವಳು ತೊಳೆದುಕೊಂಡಳು, ಮೊಣಕೈವರೆಗೆ. ತಲೆ ಹೊರಬಂದಾಗ ಹೊಕ್ಕಳ ಬಳ್ಳಿ ಕೊರಳಿಗೆ ಸುತ್ತಿತ್ತು. "ಬಳ್ಳಿ ಕೆಳಗ ಒಂದು ಬೆರಳ ಹಾಕು. ಜಗ್ಗಬ್ಯಾಡ. ಸಾವಕಾಶ ತಲಿ ಮ್ಯಾಲಿಂದ ದಾಟಸು," ಎಂದು ನಾನು ಹೇಳುತ್ತ ಹೋದೆ. ಅವಳ ಬೆರಳು ನನ್ನವಕ್ಕಿಂತ ನಿಧಾನ, ನನ್ನವಕ್ಕಿಂತ ಮೆದು. ಮಗು ಮೊದಲು ನೀಲಿಯಾಗಿತ್ತು. ಮುದುಕಿ ಬಾಯೊರೆಸಿ ಬೆನ್ನು ತಿಕ್ಕಿದ ಮೇಲೆ ಅತ್ತಿತು. ಹೆಣ್ಣು. ತಾಯಿಯೂ ಉಳಿದಳು. ಮುದುಕಿ ನನ್ನ ಕೈಗೆ ಬಿದಿರಿನ ಸೀಳು ಇಟ್ಟು ಹಳೆಯ ಧೋತರದಿಂದ ಕಟ್ಟುತ್ತ, "ಮುರಿದ ಕೈಲೆ ಇಷ್ಟ ಮಾತಾಡ್ತಿ, ಗಟ್ಟಿ ಇದ್ದಾಗ ಯಾಕ ಒಮ್ಮಿನೂ ಕುಂತು ಮಾತಾಡಲಿಲ್ಲ?" ಎಂದಳು. ಚಕ್ಕಡಿಯಲ್ಲಿ ಮಲಗಿಸಿ ನನ್ನನ್ನು ಹುನಗುಂದದ ದವಾಖಾನೆಗೆ ಒಯ್ದರು.

ಪ್ಲಾಸ್ಟರ್ ಹಾಕಿಸಿಕೊಂಡು ಕ್ವಾರ್ಟರ್ಸಿನಲ್ಲಿದ್ದಾಗ ಚಾಚಾ ಬಸ್ಸು ಹಿಡಿದು ಬಂದರು. ಕೈಯಲ್ಲಿ ಮನೆಯಲ್ಲಿ ಮಾಡಿದ ಚುರುಮುರಿಯ ಪೊಟ್ಟಣ. ಕಟ್ಟೆಯ ಮೇಲೆ ಕೂತವರು ಒಳಗೆ ಬರಲಿಲ್ಲ.

"ಬಾಯಾರ, ನಾ ನಿಮಗ ಸುಳ್ಳ ಹೇಳೀನ್ರಿ."

"ಏನು ಸುಳ್ಳು?"

"ಥಂಡಿಗಾಲದ್ದು. ಅದರ ಗಾಲಿಯ ತಿರುಪಿನ ಎಳಿ ಬ್ಯಾರೆ ಇತ್ರಿ, ಪರದೇಶದ್ದು. ನಮ್ಮ ಫ್ರೀವೀಲ್, ಪೆಡಲು ನಿಂತರೂ ಗಾಲಿ ತಿರಗಾಕ ಬಿಡೂ ಚಕ್ರ, ಕೂಡಬಹುದು ಅಂತ ಜೋರ್ಲೆ ತಿರುವಿದೆ. ಎಳಿ ಪೂರಾ ಸವದು ಹೋತು. ನಲವತ್ತ ವರ್ಷ ಪಾನಾ ಹಿಡದಂವಗ ಹಿಂಗಾತಂತ ಹೇಳಾಕ ಬಾಯಿ ಬರಲಿಲ್ಲ. ಬೆಸುಗಿ ಹಾಕಿ ಕೊಟ್ಟೆ. ಹಿಂದ ಬ್ರೇಕೂ ಹಾಕಲಿಲ್ಲ. ಕಾಲ್ಲೆ ತಡೀತೀರಿ ಅಂದುಕೊಂಡೆ."

ಸಿಟ್ಟು ಬರಬೇಕಿತ್ತು. ಕಾದು ನೋಡಿದೆ, ಬರಲಿಲ್ಲ. ಅವರ ಮಾತು ಕೇಳುತ್ತ ನನಗೆ ನೆನಪಾದದ್ದು ಬೇರೆ. ಎಷ್ಟೋ ಹೆಂಗಸರಿಗೆ ಆಪರೇಷನ್ ಅಂದರೆ ಇರುವೆ ಕಚ್ಚಿದಂತೆ, ಮೂರನೆಯ ದಿನ ಹೊಲಕ್ಕೆ ಹೋಗಬಹುದು ಎಂದು ನಾನು ಹೇಳಿದ್ದೆ. ಅವರಲ್ಲಿ ಒಬ್ಬಳು ಆರು ತಿಂಗಳು ಸೊಂಟ ಹಿಡಿದುಕೊಂಡೇ ಓಡಾಡಿದಳು. ಅವಳ ಕಟ್ಟೆಗೆ ಹೋಗಿ ನಾನು ಹೀಗೆ ಕೂತಿರಲಿಲ್ಲ.

"ಹುಬ್ಬಳ್ಳಿಯಿಂದ ಬ್ಯಾರೆ ಗಾಲಿ ತರಸ್ತೇನ್ರಿ," ಎಂದರು ಚಾಚಾ. "ಎಲ್ಲಾರ ಸೈಕಲ್ಲಿನಂಗ ಆಗ್ತದ. ಕಾಲ ಇಟ್ಟು ಸುಮ್ನ ಕುಂದರಬಹುದು."

"ಬ್ಯಾಡ್ರಿ. ಅದು ಹಂಗ ಇರಲಿ."

"ಯಾಕ್ರಿ?"

"ಸಂಜಿ ಮುಂದ ನನ್ನ ಕಾಲು ಏಳೂದಿಲ್ರಿ ಚಾಚಾ. ಅದು ಎತ್ತತದ. ನೀವು ಹಿಂದೊಂದು ಬ್ರೇಕ್ ಹಾಕಿಕೊಡ್ರಿ, ಸಾಕು."

ಅವರು ನನ್ನನ್ನು ನೋಡಿದರು, ಆಮೇಲೆ ಚುರುಮುರಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟರು. ಇಬ್ಬರೂ ತಿಂದೆವು. ಕೈ ಕೂಡಿದ ಮೇಲೆ ನಾನು ಸೊಂಟ ಹಿಡಿದುಕೊಂಡು ಓಡಾಡಿದ ಆ ಹೆಂಗಸಿನ ಮನೆಗೂ ಹೋಗಿಬಂದೆ. ಅವಳು ನನಗೆ ಚಹಾ ಕೊಟ್ಟಳು, ಮಾತಾಡಿಸಲಿಲ್ಲ. ಅದೂ ಸರಿಯೇ ಅನ್ನಿಸಿತು.

ಹಿಂದಿನ ಬ್ರೇಕಿನೊಂದಿಗೆ ಇನ್ನೂ ನಾಲ್ಕು ಚಳಿಗಾಲ ಓಡಿಸಿದೆ. ಸೂಲಗಿತ್ತಿಗೆ ಬ್ಲೇಡು, ದಾರ, ಸಾಬೂನು ನಾನೇ ಒಯ್ದು ಕೊಡತೊಡಗಿದೆ. ಕೆಲವು ಹೆರಿಗೆಗೆ ಇಬ್ಬರೂ ಇರುತ್ತಿದ್ದೆವು, ಜಗಳವಾಡಿಕೊಂಡೇ. ಐದನೆಯ ವರ್ಷ ಸೈಕಲ್ಲಿನ ಮುಂಭಾಗದಲ್ಲಿ ಸಣ್ಣಗೆ ಕಿರುಗುಟ್ಟುವ ಸದ್ದು ಶುರುವಾಯಿತು. ಇಳಕಲ್ಲಿಗೆ ಒಯ್ದೆ. ಚಾಚಾರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮುಂದಿನ ಗಾಲಿ ಹಿಡಿಯುವ ಕವಲಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೋಗಿ ಒಂದು ಕಡೆ ಅದನ್ನು ನಿಲ್ಲಿಸಿದರು. ಕೂದಲೆಳೆಯಂಥ ಸೀಳು, ನನಗೆ ಕಂಡಿರಲಿಲ್ಲ.

"ಬೆಸುಗಿ ಹಾಕಿದ್ರ ನಡೀತದ್ರಿ?" ಎಂದೆ.

"ಒಂದು ತಿಂಗಳು ನಡೀತದ. ಆಮ್ಯಾಲೆ ಯಾವುದಾರ ಹಳ್ಳದಾಗ ಮುರೀತದ. ಈ ಸಲ ಖರೇ ಹೇಳಾಕತ್ತೇನ್ರಿ. ಸಾಕು ಬಾಯಾರ, ಬಿಡ್ರಿ."

ಬಿಟ್ಟೆ. ಆ ಚೌಕಟ್ಟನ್ನು ಅವರು ಏನು ಮಾಡಿದರೋ ಕೇಳಲಿಲ್ಲ. ಲಸಿಕೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಗೆ ಕೂತೆ. ಯಾವಾಗ ನಿದ್ದೆ ಹತ್ತಿತೋ, ಕಂಡಕ್ಟರು ಭುಜ ಅಲುಗಿಸಿ, "ಅಕ್ಕಾರ, ನಿಮ್ಮ ಊರು ದಾಟಿ ಮೂರು ಮೈಲಿ ಬಂದ್ರಿ," ಎಂದ. ಇಳಿದು, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ಬಿಸಿಲಲ್ಲಿ ಹಿಂದಕ್ಕೆ ನಡೆಯತೊಡಗಿದೆ.