ಗೆಣ್ಣಿನ ಲೆಕ್ಕ

ಸಾನಪಾಡಾದ ಆ ಪ್ಲೇಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗಿಗೆ ಬಂದವರನ್ನು ಕೂರಿಸುವುದು ಮಕ್ಕಳ ಕುರ್ಚಿಯ ಮೇಲೆ. ಮೊಳದೆತ್ತರದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಮಂಡಿ ಗದ್ದಕ್ಕೆ ತಾಗಿದ ಮನುಷ್ಯ ಯಾರೊಡನೆಯೂ ವಾದ ಮಾಡಲಾರ. ಬೇಕೆಂದೇ ಮಾಡಿದ ಏರ್ಪಾಡು ಇದು ಎಂದು ನನ್ನ ಗುಮಾನಿ. ಏಕೆಂದರೆ ಟೀಚರ್ ಮಾತ್ರ ದೊಡ್ಡವರ ಕುರ್ಚಿಯಲ್ಲಿ ಕೂತಿದ್ದಳು.

ಮಗನಿಗೆ ರಜೆ ಸಿಕ್ಕಿರಲಿಲ್ಲ, ಹಾಗಾಗಿ ಸೊಸೆಯ ಜೊತೆ ನಾನು ಹೋಗಿದ್ದೆ. ಮೊಮ್ಮಗಳಿಗೆ ನಾಲ್ಕು ವರ್ಷ. ನರ್ಸರಿ ಮುಗಿಯುತ್ತಾ ಬಂದಿತ್ತು, ಜೂನಿಯರ್ ಕೆಜಿಗೆ ಹೋಗಬೇಕು. ನಾವು ಅವಳ 'ಪ್ರೋಗ್ರೆಸ್' ಕೇಳುತ್ತಿರುವಾಗ ಅವಳು ಪಕ್ಕದ ಕೋಣೆಯಲ್ಲಿ ಬಣ್ಣದ ಚೆಂಡುಗಳ ತೊಟ್ಟಿಯೊಳಗೆ ಕುತ್ತಿಗೆಯವರೆಗೆ ಮುಳುಗಿದ್ದಳು.

"ಶೀ ಈಸ್ ಸಚ್ ಅ ಸ್ವೀಟ್ ಚೈಲ್ಡ್" ಎಂದು ಟೀಚರ್ ಶುರು ಮಾಡಿದಳು. ಹೀಗೆ ಸಕ್ಕರೆಯಿಂದ ಶುರು ಮಾಡುವವರ ಹತ್ತಿರ ಕೊನೆಗೆ ಕಷಾಯವೇ ಇರುತ್ತದೆ. ಅವಳ ಹಿಂದಿ-ಇಂಗ್ಲಿಷಿನ ಕಲಸುಮೇಲೋಗರವನ್ನು ಕನ್ನಡಕ್ಕೆ ಇಳಿಸಿದರೆ ಅರ್ಥ ಇಷ್ಟು: ಐದು ಎಂದರೆ ಎಲ್ಲ ಮಕ್ಕಳೂ ಐದು ಬೆರಳು ಎತ್ತಿ ತೋರಿಸುತ್ತವೆ. ನಮ್ಮವಳು ಎತ್ತುವುದಿಲ್ಲ. ತುಟಿ ಬಿಗಿದು, ಅಂಗೈಯನ್ನು ಅರ್ಧ ಮಡಚಿ, ಹೆಬ್ಬೆರಳನ್ನು ಅಲ್ಲಾಡಿಸುತ್ತಾ ಕೂರುತ್ತಾಳೆ. ದಿನವೂ ಇದೇ. ಇದಕ್ಕೆ 'ರಿಪಿಟೆಟಿವ್ ಮೂವ್‌ಮೆಂಟ್' ಎಂದು ಹೆಸರು. ವಾಶಿಯಲ್ಲಿ ಒಬ್ಬ ಥೆರಪಿಸ್ಟ್ ಇದ್ದಾರೆ. ಅವರಿಂದ ಅಸೆಸ್‌ಮೆಂಟ್ ಮಾಡಿಸಿ ರಿಪೋರ್ಟ್ ತಂದರೆ ಜೂನಿಯರ್ ಕೆಜಿ. ಇಲ್ಲವಾದರೆ ಇನ್ನೊಂದು ವರ್ಷ ನರ್ಸರಿ.

"ಇಟ್ಸ್ ಓನ್ಲಿ ಫಾರ್ ಹರ್ ಗುಡ್, ಆಂಟಿ."

ಸೊಸೆಯ ಕಣ್ಣು ಆಗಲೇ ತುಂಬಿತ್ತು. ಠಾಣೆಯ ವರ್ತಕ ನಗರದಲ್ಲಿ ಹುಟ್ಟಿ ಬೆಳೆದವಳು, ಬ್ಯಾಂಕಿನಲ್ಲಿ ಆಫೀಸರ್, ತರಕಾರಿಯವನ ಒಂದು ಮಾತನ್ನೂ ನಂಬುವವಳಲ್ಲ. ಆದರೆ ಎಸಿ ಹಾಕಿದ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ಅವಳಿಗೆ ವೇದ. ನನ್ನ ಕಿವಿಯ ಹತ್ತಿರ ಬಾಗಿ, "ಅತ್ತೆ, ನಂಗೆ ಮೊದ್ಲೇ ಡೌಟಿತ್ತು. ಮನೇಲೂ ಹಾಗೇ ಮಾಡ್ತಾಳೆ" ಎಂದಳು.

"ಎಂತ ಡೌಟು? ಅವಳು ಎಣಿಸ್ತಾ ಇದ್ದಾಳೆ ಮಾರಾಯ್ತಿ!"

ಕಲಿಸಿದವಳು ನಾನೇ. ನನಗೆ ಕಲಿಸಿದ್ದು ಉಡುಪಿಯ ನನ್ನಜ್ಜಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ಬುಡದ ಗೆಣ್ಣಿಗೆ ಇಟ್ಟು ಮೇಲಕ್ಕೆ ಹತ್ತುವುದು, ಒಂದು ಬೆರಳಿಗೆ ಮೂರು. ನಾಲ್ಕು ಬೆರಳು ಮುಗಿದರೆ ಹನ್ನೆರಡು. ಕೋಪರಖೈರಣೆಯ ನಮ್ಮ ಹೋಟೆಲಿಗೆ ತೆಂಗಿನಕಾಯಿ ಬಂದು ಇಳಿಯುವಾಗ ನನ್ನ ಗಂಡ ಹೀಗೆಯೇ ಎಣಿಸುತ್ತಿದ್ದರು, ಬಾಯಿ ಬಿಡದೆ. ನಡುವೆ ಯಾರಾದರೂ ಮಾತಾಡಿಸಿದರೆ ಬರೀ ಹುಬ್ಬು ಹಾರಿಸುತ್ತಿದ್ದರು. ಎಣಿಸುವಾಗ ತುಟಿ ಬಿಚ್ಚಬಾರದು, ಕೊನೆಯ ಸಂಖ್ಯೆಯನ್ನು ಮಾತ್ರ ಹೇಳಬೇಕು. ತಾತನನ್ನು ಕಾಣದ ಮೊಮ್ಮಗಳಿಗೆ ಆ ಹುಬ್ಬೂ ಬಂದಿತ್ತು. ಕಿಟಕಿಯಲ್ಲಿ ಕೂತು ಪಾರಿವಾಳ ಎಣಿಸುವಾಗ ಅವಳ ಹುಬ್ಬು ನೋಡಿ ನಾನು ಎಷ್ಟೋ ಸಲ ಎದ್ದು ಒಳಗೆ ಹೋಗಿದ್ದೇನೆ.

ಟೀಚರಿಗೆ ಇದನ್ನೆಲ್ಲ ಹೇಳುವ ದರ್ದಿರಲಿಲ್ಲ. "ಶೀ ಈಸ್ ಕೌಂಟಿಂಗ್, ಮೈ ಡಿಯರ್" ಎಂದೆ, ಅಷ್ಟೇ.

ಅವಳು ನಕ್ಕಳು. ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಿಗೆ ನಗುವ ನಗೆ. "ಗ್ರ್ಯಾಂಡ್‌ಪೇರೆಂಟ್ಸ್ ಆಲ್ವೇಸ್ ಸೇ ದಟ್, ಆಂಟಿ."

ಥೆರಪಿ ಬೇಕಾದ ಮಕ್ಕಳಿದ್ದಾರೆ, ಅವರಿಗೆ ಅದು ಸಿಗಲಿ, ದೇವರು ಒಳ್ಳೆಯದು ಮಾಡಲಿ. ಆದರೆ ಒಂದು ವರ್ಷ ಪೂರ್ತಿ ಮಗುವಿನ ಕೈಯನ್ನು ನೋಡಿ, ಆ ಕೈ ಏನು ಮಾಡುತ್ತಿದೆ ಎಂದು ಒಮ್ಮೆಯೂ ನೋಡದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಕಾನ್ವೆಂಟಿನ ಸಿಸ್ಟರುಗಳೂ ಈ ಲೆಕ್ಕವನ್ನು ಸಹಿಸುತ್ತಿರಲಿಲ್ಲ. "ಕೌಂಟ್ ಇನ್ ಯುವರ್ ಹೆಡ್, ಗರ್ಲ್!" ಎಂದು ಸ್ಕೇಲಿನ ಅಂಚಿನಿಂದ ಗೆಣ್ಣಿನ ಮೇಲೆಯೇ ಕೊಡುತ್ತಿದ್ದರು. ಆದರೆ ಏನು ನಡೆಯುತ್ತಿದೆ ಎಂದು ತಿಳಿದು ಹೊಡೆಯುತ್ತಿದ್ದರು. ಹೊಡೆದರು, ಅಯ್ಯೋ ಪಾಪ ಎನ್ನಲಿಲ್ಲ. ಆ ಸ್ಕೇಲು ಈ ನಗೆಗಿಂತ ಎಷ್ಟೋ ಮರ್ಯಾದೆಯದ್ದು.

ಸೊಸೆ ಕಣ್ಣೊರೆಸಿಕೊಂಡು, ರಿಪೋರ್ಟ್ ಯಾವಾಗ ಕೊಡಬೇಕು ಎಂದು ಕೇಳಿದಳು. ನನ್ನ ಮಾತು ಅಲ್ಲಿಗೆ ಕಸದ ಬುಟ್ಟಿಗೆ.

ಟೀಚರ್ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು. "ಅಡ್ಮಿಷನ್ ಕ್ಲೋಸ್ ಆಗೋದು ಮುಂದಿನ ಶುಕ್ರವಾರ... ಸಂಡೇ ಬಿಟ್ಟು, ಹೋಳಿ ಬಿಟ್ಟು..." ಎಂದು ಹಿಂದಿಯಲ್ಲಿ ಗೊಣಗಿ ಸುಮ್ಮನಾದಳು. ಅವಳ ಬಲಗೈ ಮಡಿಲಲ್ಲಿತ್ತು. ನೇಲ್ ಪಾಲಿಶ್ ಹಚ್ಚಿದ ಹೆಬ್ಬೆರಳು ಕಿರುಬೆರಳ ಬುಡದಿಂದ ಹೊರಟು ಒಂದೊಂದೇ ಗೆಣ್ಣು ಹತ್ತುತ್ತಿತ್ತು. ತುಟಿ ಬಿಗಿದಿತ್ತು.

ನಾನು ಪೂರ್ತಿ ಎಣಿಸಲು ಬಿಟ್ಟೆ. ಆಮೇಲೆ ಅವಳ ಕೈಯತ್ತ ಬೆರಳು ತೋರಿಸಿ, "ಎಕ್ಸ್‌ಕ್ಯೂಸ್ ಮೀ, ಈ ರಿಪಿಟೆಟಿವ್ ಮೂವ್‌ಮೆಂಟಿಗೂ ವಾಶಿಯ ಡಾಕ್ಟರೇ ಆಗ್ತಾರಾ, ಬೇರೆಯವರಾ?" ಎಂದು ಇಂಗ್ಲಿಷಿನಲ್ಲೇ ಕೇಳಿದೆ.

ಅವಳು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಕಿವಿ ಕೆಂಪಾಯಿತು. "ಮೇರಿ ಆಜಿ ಐಸೇ..." ಎಂದವಳು ತನ್ನಜ್ಜಿಯ ಮಾತನ್ನು ಅರ್ಧಕ್ಕೇ ನುಂಗಿದಳು.

ಮಗುವನ್ನು ಚೆಂಡಿನ ತೊಟ್ಟಿಯಿಂದ ಕರೆಸಲಾಯಿತು. ಟೀಚರ್ ಮರದ ಮಣಿಗಳನ್ನು ಮೇಜಿನ ಮೇಲೆ ಸುರಿದು "ಕಿತನೇ ಹೈ, ಬೇಟಾ?" ಎಂದಳು. ನಮ್ಮವಳು ಕೈ ಮಡಚಿದಳು. ಹುಬ್ಬು ಮೇಲೆ ಹೋಯಿತು. ಸೊಸೆ ಬಾಯಿ ತೆರೆದಾಗ ನಾನು ಅವಳ ತೊಡೆ ಹಿಂಡಿದೆ. ಕೊನೆಗೆ ಮಗು, "ಅಕ್ರಾ" ಎಂದಿತು. ಮರಾಠಿಯಲ್ಲಿ ಹನ್ನೊಂದು. ನಾನು ಕನ್ನಡದಲ್ಲಿ ಕಲಿಸಿದ್ದು ಬಿಲ್ಡಿಂಗಿನ ಮಕ್ಕಳ ಜೊತೆ ಆಡಿ ಹೀಗಾಗಿದೆ, ಇರಲಿ. ಆ ನರ್ಸರಿಯಲ್ಲಿ ಹೇಳಿಕೊಡುವುದು ಹತ್ತರವರೆಗೆ ಮಾತ್ರ.

ಟೀಚರ್ ಮಣಿಗಳನ್ನು ಎರಡೆರಡು ಸಲ ಎಣಿಸಿದಳು. ಈ ಸಲ ಬಾಯಿ ಬಿಟ್ಟು.

ರಿಪೋರ್ಟಿನ ಮಾತು ಮತ್ತೆ ಬರಲಿಲ್ಲ. ಜೂನಿಯರ್ ಕೆಜಿ ಸಿಕ್ಕಿತು. ಆದರೆ ಸೋತೆ ಎಂದು ಒಪ್ಪುವ ಜಾತಿಯೇ ಅದು? "ಗುಡ್ ಜಾಬ್! ಬಟ್ ಆಂಟಿ, ಮನೆಯಲ್ಲಿ ಬೆರಳೆತ್ತುವುದನ್ನು ಪ್ರ್ಯಾಕ್ಟೀಸ್ ಮಾಡಿಸಿ. ಮಗುವಿಗೆ ಗೊತ್ತಿದೆ ಅಂತ ನಮಗೆ ಕಾಣಿಸಬೇಕಲ್ಲ" ಎಂದಳು. ಸೊಸೆ "ಶೂರ್ ಮ್ಯಾಮ್, ಥ್ಯಾಂಕ್ಯೂ ಮ್ಯಾಮ್" ಎಂದು ಎರಡು ಕೈಯಲ್ಲೂ ಅವಳ ಕೈ ಹಿಡಿದಳು, ಮಗುವನ್ನು ಟೀಚರೇ ಗುಣಪಡಿಸಿದಳೋ ಎಂಬಂತೆ. ಆ ಕುರ್ಚಿಯಿಂದ ಏಳಲು ನನಗೆ ಯಾರೂ ಕೈ ಕೊಡಲಿಲ್ಲ.

ರಿಕ್ಷಾದಲ್ಲಿ ಸೊಸೆ ಗಂಡನಿಗೆ ಮೆಸೇಜ್ ಹಾಕುತ್ತಾ, ತಲೆ ಎತ್ತದೆ, "ಅತ್ತೆ, ಬೇಜಾರು ಮಾಡ್ಕೋಬೇಡಿ. ಇನ್ನು ಅದನ್ನ ಕಲಿಸ್ಬೇಡಿ ಆಯ್ತಾ? ಸುಮ್ನೆ ಕನ್‌ಫ್ಯೂಸ್ ಆಗ್ತಾಳೆ" ಎಂದಳು.

"ಆಯ್ತು" ಎಂದೆ.

ಫ್ಲೈಓವರಿನ ಕಂಬಗಳು ಒಂದೊಂದಾಗಿ ಹಿಂದೆ ಹೋಗುತ್ತಿದ್ದವು. ಮಗು ನನ್ನ ತೊಡೆಯ ಮೇಲೆ ಕೂತು ಹೊರಗೆ ನೋಡುತ್ತಿತ್ತು. ಹನ್ನೆರಡಕ್ಕೆ ತನ್ನ ಕೈ ತುಂಬಿತೋ ಏನೋ, ನನ್ನ ಅಂಗೈಯನ್ನು ಎಳೆದುಕೊಂಡು ನನ್ನ ಕಿರುಬೆರಳ ಬುಡದ ಗೆಣ್ಣನ್ನು ತನ್ನ ಹೆಬ್ಬೆರಳಿನಿಂದ ಒತ್ತಿತು. ಆಮೇಲೆ ಅದರ ಮೇಲಿನದು.

ನಾನು ಸೆರಗನ್ನು ಎಳೆದು ಎರಡೂ ಕೈಗಳ ಮೇಲೆ ಹೊದಿಸಿದೆ.