ಮಲಗಿದವಳನ್ನು ಯಾರು ನೋಡಿದ್ದಾರೆ?

ಅತ್ತಾವರದ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ನನ್ನ ನಿದ್ದೆಯ ಬಗ್ಗೆ. ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ಲುವುದನ್ನು ಮನೆಯಲ್ಲಿ ಯಾರಾದರೂ ನೋಡಿದ್ದಾರಾ ಎಂದು ಅವರು ಕೇಳಿದರು. ಗಂಡ ತೀರಿಕೊಂಡ ಮೇಲೆ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ನೋಡಲು ಗೋಡೆಯ ಮೇಲಿನ ಹಲ್ಲಿ ಬಿಟ್ಟರೆ ಯಾರಿದ್ದಾರೆ ಎಂದು ಬಾಯಿಯ ತನಕ ಬಂತು, ಒಬ್ಬಳೇ ಇರುವುದು ಎಂದಷ್ಟೇ ಹೇಳಿದೆ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ, ಹಗಲೆಲ್ಲ ತೂಕಡಿಕೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿನ ಬುಡದಲ್ಲಿ ಉಸಿರನ್ನು ನೋಡಿಕೊಳ್ಳುವ ಒಂದು ಪುಟ್ಟ ಜಾಗ ಇದೆಯಂತೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಕೂಡಲೇ ಅದು ಎದೆಗೆ, ಎದೆಯ ಕೆಳಗಿನ ವಪೆ ಎಂಬ ಸ್ನಾಯುವಿಗೆ ಉಸಿರೆಳೆ ಎಂದು ಹೇಳಿ ಕಳಿಸುತ್ತದೆ. ಉಸಿರು ಬಿಗಿಹಿಡಿದಾಗ ನಾವು ತಡೆಯಲಾರದೆ ಒದ್ದಾಡುವುದೂ ಹೆಚ್ಚಾಗಿ ಆ ಅನಿಲ ಏರುವುದರಿಂದಲೇ. ನನ್ನಲ್ಲಿ ಆ ಜಾಗ ನಿದ್ದೆಯ ಹೊತ್ತು ಹೇಳಲು ಮರೆಯುತ್ತಿರಬಹುದು. ಒಬ್ಬರೇ ಇರುವವರಿಗೆ ಇದು ಅಪಾಯ, ನಿದ್ದೆಯ ಪರೀಕ್ಷೆಗೆ ಮೊದಲು ಯಾರಾದರೂ ಪಕ್ಕದಲ್ಲಿ ಕೂತು ನೋಡಲಿ ಎಂದರು.

ಕೂಳೂರಿನಿಂದ ತಂಗಿಯನ್ನು ಕರೆಸಿದೆ. ಮಧ್ಯಾಹ್ನದ ಊಟ ಮುಗಿಸಿ ನಾನು ಮಲಗಿದೆ, ಅವಳು ಕುರ್ಚಿ ಎಳೆದುಕೊಂಡು ಕೂತಳು. ನೋಡುತ್ತಿದ್ದಾಳೆ ಎಂದು ಗೊತ್ತಾದದ್ದೇ ತಡ, ಉಸಿರು ನನ್ನ ಕೈಗೆ ಬಂದುಬಿಟ್ಟಿತು. ನಾನು ಎಳೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅರವತ್ತು ದಾಟಿದವಳು ಉಸಿರಾಡುವುದನ್ನು ಹೊಸದಾಗಿ ಕಲಿಯುವ ಹಾಗಾಯಿತು. ಸುಮ್ಮನೆ ಫೋನ್ ನೋಡು ಮಾರಾಯ್ತಿ ಎಂದು ರೇಗಿದೆ. ಅವಳು ಮುಖ ತಿರುಗಿಸಿದ ಮೇಲೆ ನಿದ್ದೆ ಹತ್ತಿತು. ಮನೆಯಲ್ಲಿ ಇನ್ನೊಬ್ಬರ ಬಳೆಯ ಸದ್ದು ಇದ್ದದ್ದಕ್ಕೋ ಏನೋ, ಗಾಢ ನಿದ್ದೆ.

ಭುಜ ಹಿಡಿದು ಅಲುಗಿಸಿ ಅವಳೇ ಎಬ್ಬಿಸಿದಳು. ಉಸಿರು ನಿಂತಿತ್ತಾ ಎಂದು ಕೇಳಿದರೆ ಹೌದೆಂದು ತಲೆಯಾಡಿಸಿದಳು. ಆದರೆ ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಕೆದಕಿ ಕೇಳಿದೆ.

“ನಿನಗೆ ಹೀಗಾಗ್ತದೆ ಅಂತ ಭಾವ ಮೊದಲೇ ಹೇಳಿದ್ರು ಅಕ್ಕ. ಅವಳ ಹತ್ತಿರ ಉಸಿರೆತ್ತಬೇಡ, ಹೆದರ್ತಾಳೆ, ನಾನಿದ್ದೇನಲ್ಲ ಅಂತ. ಅವರು ಹೋದ ಮೇಲೆ ಎಂತ ಹೇಳುವುದು, ನನಗೆ ಬಾಯಿ ಬರ್ಲಿಲ್ಲ.”

ಉಸಿರೆತ್ತಬೇಡವಂತೆ. ಉಸಿರು ನಿಲ್ಲುವವಳ ವಿಷಯದಲ್ಲಿ ಆ ಮನುಷ್ಯನಿಗೆ ಬೇರೆ ಮಾತೇ ಸಿಗಲಿಲ್ಲವೇ? ನಗು ಬಂತು, ಅದರ ಹಿಂದೆಯೇ ಸಿಟ್ಟು. ನಾನು ನಿದ್ದೆಯಲ್ಲಿದ್ದಾಗ ಅವರು ಮೊಣಕೈಯಿಂದ ತಿವಿಯುತ್ತಿದ್ದದ್ದು ಗೊರಕೆಗೆ ಎಂದುಕೊಂಡು ನಾನು ಗೊಣಗಿ ಮಗ್ಗುಲು ಬದಲಿಸುತ್ತಿದ್ದೆ. ಪಣಂಬೂರಿನ ಬಂದರಿನಲ್ಲಿ ಮೇಲಿನವರ ಕೈಕಾಲು ಹಿಡಿದು ಅವರು ರಾತ್ರಿ ಪಾಳಿ ಬಿಡಿಸಿಕೊಂಡದ್ದೂ ನನ್ನ ಪಕ್ಕ ಇರುವುದಕ್ಕೇ ಎಂದು ತಂಗಿ ಹೇಳಿದಳು. ಆಗ ನಾನು ನೆಂಟರೆದುರು ಅವರನ್ನು ನಿದ್ದೆಬುರುಕ ಎಂದು ತಮಾಷೆ ಮಾಡಿದ್ದೆ. ಅವರೂ ಎಲ್ಲರೊಟ್ಟಿಗೆ ನಕ್ಕಿದ್ದರು.

ನಮ್ಮಲ್ಲಿಗೆ ಬಂದು ಮಲಗು ಎಂದು ತಂಗಿ ಕರೆದಳು. ಅವಳದ್ದೇ ಇಕ್ಕಟ್ಟಿನ ಮನೆ. ಬೇಡ, ಡಾಕ್ಟರು ಮುಖಕ್ಕೆ ಕಟ್ಟುವ ಯಂತ್ರ ಕೊಡಿಸುತ್ತಾರೆ ಎಂದೆ. ಸಂಜೆಯ ಬಸ್ಸಿಗೆ ಅವಳು ಹೊರಟಳು, ನಾನು ಬಾಗಿಲು ಹಾಕಿ ಬಂದು ಮಂಚದಲ್ಲಿ ಕೂತೆ.

ಯಂತ್ರ ಬಂದರೆ ಉಸಿರನ್ನು ಅದು ನೋಡಿಕೊಳ್ಳುತ್ತದೆ, ಆ ಭಯ ಈಗ ಇಲ್ಲ. ಇಷ್ಟು ವರ್ಷ ನಿದ್ದೆಗೆಟ್ಟು ನನ್ನನ್ನು ಕಾದು, ಒಂದು ಮಾತೂ ಹೇಳದೆ ಹೋದಿರಲ್ಲ ಎಂದು ಜಗಳ ತೆಗೆಯಬೇಕು. ಯಾರ ಹತ್ತಿರ ತೆಗೆಯಲಿ?